ಮನೆಯ ಮೂಲೆಯಲ್ಲೊಂದು ಪುಟ್ಟ ಸರ್ವರ್: ಬೈಕುಲ್ಲಾದ ಖೋಲಿಯಿಂದ ಜಗತ್ತಿಗೆ

ಬೈಕುಲ್ಲಾ: ಮುಂಬಯಿ ಕನ್ನಡಿಗರ ಬದುಕಿನ ದಾಖಲೆಗಳು ಬಹುಮಟ್ಟಿಗೆ ಇರುವುದು ಗ್ರಂಥಾಲಯಗಳಲ್ಲಲ್ಲ, ಮನೆಗಳ ಅಟ್ಟಗಳ ಮೇಲೆ. ರಾತ್ರಿಶಾಲೆಗಳ ವಾರ್ಷಿಕೋತ್ಸವದ ಛಾಯಾಚಿತ್ರಗಳು, ಸಂಘಗಳ ಬೆಳ್ಳಿಹಬ್ಬ ಸುವರ್ಣಮಹೋತ್ಸವಗಳ ಸ್ಮರಣ ಸಂಚಿಕೆಗಳು, ಯಕ್ಷಗಾನ ಮತ್ತು ನಾಟಕಗಳ ಕರಪತ್ರಗಳು, ಊರಿಗೆ ಬರೆದು ಅಲ್ಲಿಂದ ಬಂದ ಪತ್ರಗಳು. ಇವುಗಳಲ್ಲಿ ಹಲವಕ್ಕೆ ಎರಡನೆಯ ಪ್ರತಿಯೇ ಇಲ್ಲ. ಬೈಕುಲ್ಲಾ, ಅಗ್ರಿಪಾಡಾ, ಮಝಗಾಂವ್ ಪರಿಸರದ ಹಳೆಯ ಚಾಳುಗಳು ಒಂದೊಂದಾಗಿ ಕೆಡವಲ್ಪಟ್ಟು ಅವುಗಳ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿರುವಾಗ, ಮನೆ ಖಾಲಿ ಮಾಡುವ ಅವಸರದಲ್ಲಿ ಮೊದಲು ಹೊರಬೀಳುವುದು ಈ ಕಾಗದಗಳೇ. ರದ್ದಿವಾಲಾನ ತಕ್ಕಡಿಗೆ ಕನ್ನಡ, ಮರಾಠಿ ಎಂಬ ಭೇದವಿಲ್ಲ.

ಇವನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಬೇಕೆಂಬ ಆಸೆ ಹಲವರಲ್ಲಿದೆ. ಏರಿಸಿದವರೂ ಇದ್ದಾರೆ. ಆದರೆ ಉಚಿತವಾಗಿ ದೊರೆತ ಜಾಗ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಯಾಹೂ ಸಂಸ್ಥೆಯ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಭಾರತೀಯರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಕಣ್ಮರೆಯಾಯಿತು. ಬಾಡಿಗೆ ಕಟ್ಟುವ ಜಾಗದ ಕಥೆಯೂ ಬೇರೆಯಲ್ಲ. ವರ್ಷದ ಹಣ ಕಟ್ಟುವ ಉತ್ಸಾಹಿ ಪದಾಧಿಕಾರಿ ಬದಲಾದೊಡನೆ ಜಾಲತಾಣವೂ ಅಳಿದುಹೋಗುತ್ತದೆ. ಆದುದರಿಂದ, ಜಾಲತಾಣವನ್ನು ನಮ್ಮದೇ ಮನೆಯಲ್ಲಿ, ನಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಸಾಧ್ಯವಿದೆ. ಅಂಗೈಯಗಲದ ಒಂದು ಗಣಕಯಂತ್ರ ಸಾಕು. ಅದನ್ನು ಹೊಂದಿಸುವ ಬಗೆಯನ್ನೂ, ನಮ್ಮ ನಗರದ ಮನೆಗಳಲ್ಲಿ ಎದುರಾಗುವ ತೊಡಕುಗಳನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಸರ್ವರ್ ಎಂಬ ಪದದ ಭಯವನ್ನು ನಿವಾರಿಸಿಕೊಳ್ಳಬೇಕು. ಕೇಳಿದವರಿಗೆ ಕೇಳಿದ ಪುಟವನ್ನು ಬಡಿಸುವ ಯಂತ್ರವೇ ಸರ್ವರ್. ಹೋಟೆಲು ಉದ್ಯಮದಲ್ಲಿ ಬೆವರು ಸುರಿಸಿದ ನಮ್ಮ ಜನಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಗತ್ತಿನ ಮೊತ್ತಮೊದಲ ವೆಬ್ ಸರ್ವರ್ ಕೂಡ ಯಾವುದೋ ಹವಾನಿಯಂತ್ರಿತ ಭವನದ ದೈತ್ಯ ಯಂತ್ರವಾಗಿರಲಿಲ್ಲ. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಗಣಕಯಂತ್ರವೇ 1990ರಲ್ಲಿ ಆ ಕೆಲಸ ಮಾಡಿತು. ಯಾರಾದರೂ ಅಪ್ಪಿತಪ್ಪಿ ಆರಿಸಿಯಾರೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಎಚ್ಚರಿಕೆಯ ಚೀಟಿಯೊಂದನ್ನು ಅಂಟಿಸಲಾಗಿತ್ತು. ಈ ಚೀಟಿಯ ವಿಷಯಕ್ಕೆ ಮುಂದೆ ಬರುತ್ತೇವೆ.

ಒಂದೇ ಹಲಗೆಯ ಮೇಲೆ ಪ್ರೊಸೆಸರ್, ಸ್ಮೃತಿ, ಜಾಲಸಂಪರ್ಕ ಎಲ್ಲವನ್ನೂ ಕೂಡಿಸಿದ ಗಣಕಯಂತ್ರಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು, ಶಾಲಾಮಕ್ಕಳು ಗಣಕಯಂತ್ರವನ್ನು ಬಳಸುವುದಷ್ಟೇ ಅಲ್ಲದೆ ಅದಕ್ಕೆ ಕ್ರಮವಿಧಿ ಬರೆಯುವುದನ್ನೂ ಕಲಿಯಲೆಂಬ ಉದ್ದೇಶದಿಂದ ಇದನ್ನು ರೂಪಿಸಿದರು. 2012ರ ಫೆಬ್ರವರಿ 29ರಂದು ಅದು ಮಾರುಕಟ್ಟೆಗೆ ಬಂದಾಗ ಬೆಲೆ 35 ಡಾಲರ್, ಸ್ಮೃತಿ 256 ಎಂ.ಬಿ. ಇದಕ್ಕೂ ಮುನ್ನವೇ ಕರ್ನಾಟಕದಲ್ಲಿ ಇಂಥದೇ ಒಂದು ಕನಸು ಕಂಡವರಿದ್ದರು ಎಂಬುದನ್ನು ಇಲ್ಲಿ ಸ್ಮರಿಸಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ಎನ್‌ಕೋರ್ ಸಂಸ್ಥೆಯವರೊಡನೆ ಸೇರಿ ರೂಪಿಸಿದ ಸಿಂಪ್ಯೂಟರ್, ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಆಧಾರಿತ, ಭಾರತೀಯ ಭಾಷೆಗಳನ್ನು ಬಲ್ಲ ಗಣಕಯಂತ್ರವಾಗಿತ್ತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು. ಜನ ಕೊಳ್ಳಲಿಲ್ಲ. ಅದರ ಹೃದಯದಲ್ಲಿದ್ದ ಪ್ರೊಸೆಸರ್ ಕೂಡ ಇಂದಿನ ರಾಸ್ಪ್‌ಬೆರಿ ಪೈಯಲ್ಲಿರುವ ಆರ್ಮ್ ಕುಲದ್ದೇ.

ಕೊಳ್ಳುವುದು ಏನನ್ನು

ಬೈಕುಲ್ಲಾದವರಿಗೆ ಒಂದು ಅನುಕೂಲವಿದೆ. ನಾಗಪಾಡಾ ದಾಟಿ ಮುಂಬಯಿ ಸೆಂಟ್ರಲ್ ಕಡೆಗೆ ಸ್ವಲ್ಪವೇ ಹೋದರೆ ಲ್ಯಾಮಿಂಗ್ಟನ್ ರೋಡ್. ಕಾಗದದಲ್ಲಿ ಅದು ಡಾ. ದಾದಾಸಾಹೇಬ್ ಭಡಕಂಕರ್ ಮಾರ್ಗವಾದರೂ ಇಲೆಕ್ಟ್ರಾನಿಕ್ ಸಾಮಗ್ರಿ ಅರಸಿ ಬರುವವರಿಗೆ ಹಳೆಯ ಹೆಸರೇ ರೂಢಿ. ಬೆಲೆಗಳು ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಇಲ್ಲಿ ಅಂಕಿಗಳನ್ನು ಕೊಡುವುದಿಲ್ಲ. ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿ, ರಸೀದಿ ಪಡೆದೇ ಕೊಳ್ಳುವುದು ಲೇಸು.

ಯಾವ ಮಾದರಿ? ಬರಹ ಮತ್ತು ಚಿತ್ರಗಳಿರುವ, ಆಗಾಗ ಬದಲಾಗದ ಪುಟಗಳಿಗೆ 2021ರಲ್ಲಿ ಬಂದ ಝೀರೋ 2 ಡಬ್ಲ್ಯೂ ಎಂಬ ಬೆರಳುದ್ದದ, 512 ಎಂ.ಬಿ. ಸ್ಮೃತಿಯ ಹಲಗೆಯೇ ಸಾಕು. ಆದರೆ ಅದಕ್ಕೆ ಜಾಲದ ತಂತಿ ಸಿಕ್ಕಿಸುವ ಕಿಂಡಿಯಿಲ್ಲ, ವೈಫೈಯನ್ನೇ ನಂಬಬೇಕು. ಸುತ್ತಲಿನ ಪ್ರತಿ ಮನೆಯಲ್ಲೂ ಒಂದೊಂದು ವೈಫೈ ಪೆಟ್ಟಿಗೆ ಉಸಿರಾಡುತ್ತಿರುವ ಕಟ್ಟಡಗಳಲ್ಲಿ ಇದನ್ನು ನಾವು ಶಿಫಾರಸು ಮಾಡುವುದಿಲ್ಲ. 2019ರಲ್ಲಿ ಬಂದ ಮಾದರಿ 4, ಎರಡು ಜಿ.ಬಿ. ಸ್ಮೃತಿಯದ್ದು, ನಮ್ಮ ಕೆಲಸಕ್ಕೆ ಯಥೇಷ್ಟ. 2023ರ ಮಾದರಿ 5 ಹೆಚ್ಚು ವೇಗದ್ದು ನಿಜ, ಅದರ ಹಸಿವೂ ಹೆಚ್ಚು. ಸ್ಮರಣ ಸಂಚಿಕೆಯ ಪುಟ ತೋರಿಸಲು ಅಷ್ಟು ವೇಗ ಬೇಕಿಲ್ಲ. ಮನೆಯಲ್ಲಿ ಯಾರೋ ಕಲಿಕೆಗೆಂದು ತಂದು ಮೂಲೆಗಿಟ್ಟ ಮಾದರಿ 3 ಇದ್ದರೆ ಹೊಸದನ್ನು ಕೊಳ್ಳುವುದೇ ಬೇಡ.

ವಿದ್ಯುತ್ ಅಡಾಪ್ಟರಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಮಾದರಿ 4ಕ್ಕೆ 5 ವೋಲ್ಟ್, 3 ಆಂಪಿಯರ್ ನಿರಂತರವಾಗಿ ದೊರೆಯಬೇಕು. ಮಾದರಿ 5ಕ್ಕೆ 5 ಆಂಪಿಯರ್. ಮೊಬೈಲಿನ ಹಳೆಯ ಚಾರ್ಜರ್ ಸಿಕ್ಕಿಸಿದರೆ ಯಂತ್ರ ಎದ್ದು ಕೂರುತ್ತದೆ, ಆದರೆ ಭಾರ ಬಿದ್ದೊಡನೆ ವೋಲ್ಟೇಜ್ ಕುಸಿದು ಮೆಮರಿ ಕಾರ್ಡಿನ ಕಡತಗಳು ಕೆಡುತ್ತವೆ. ಕಾರಣವೇ ತಿಳಿಯದ ಅರ್ಧದಷ್ಟು ತೊಂದರೆಗಳ ಮೂಲ ಈ ಅಡಾಪ್ಟರಿನಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ.

ಮೆಮರಿ ಕಾರ್ಡಿನ ಬಗ್ಗೆಯೂ ಒಂದು ಮಾತು. ಕ್ಯಾಮೆರಾದಲ್ಲಿ ಬಳಸುವ ಮೈಕ್ರೋ ಎಸ್.ಡಿ. ಕಾರ್ಡು ಹಗಲಿರುಳು ಬರೆಯುವ ಅಳಿಸುವ ಕೆಲಸಕ್ಕೆ ಹುಟ್ಟಿದ್ದಲ್ಲ. ಅದರ ಪ್ರತಿಯೊಂದು ಕೋಶಕ್ಕೂ ಇಂತಿಷ್ಟೇ ಬಾರಿ ಬರೆಯಬಹುದೆಂಬ ಮಿತಿಯಿದೆ. ಕಣ್ಗಾವಲು ಕ್ಯಾಮೆರಾಗಳಿಗೆಂದು ಮಾರುವ ಹೆಚ್ಚು ಬಾಳಿಕೆಯ ಕಾರ್ಡು ಕೊಳ್ಳಬಹುದು. ಅದಕ್ಕಿಂತ ಉತ್ತಮವೆಂದರೆ ಯು.ಎಸ್.ಬಿ. ಮೂಲಕ ಜೋಡಿಸುವ ಚಿಕ್ಕ ಎಸ್.ಎಸ್.ಡಿ.

ಇನ್ನು ವಿದ್ಯುತ್ ಬಿಲ್ಲಿನ ಆತಂಕ. ಯಂತ್ರ ಸರಾಸರಿ 5 ವ್ಯಾಟ್ ಬಳಸುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ 24 ಗಂಟೆಯಂತೆ 30 ದಿನಗಳಿಗೆ 3,600 ವ್ಯಾಟ್ ಗಂಟೆ, ಅಂದರೆ 3.6 ಯೂನಿಟ್. 80 ವ್ಯಾಟ್ ನುಂಗುವ ಹಳೆಯ ಡೆಸ್ಕ್‌ಟಾಪನ್ನು ಇದೇ ಕೆಲಸಕ್ಕೆ ಹಚ್ಚಿದರೆ 57.6 ಯೂನಿಟ್. ಬೆಸ್ಟ್ ಬಿಲ್ಲಿನಲ್ಲಿ ಮೊದಲನೆಯದು ಗೊತ್ತೇ ಆಗದು, ಎರಡನೆಯದಕ್ಕೆ ಮನೆಯೊಡತಿಯ ಪ್ರಶ್ನೆ ಖಂಡಿತ.

ಹೊಂದಿಸುವುದು

ಮುಂದೆ ಹೇಳುವ ಆಜ್ಞೆಗಳ ಹೆಸರುಗಳನ್ನು ಉಚ್ಚಾರಕ್ಕೆ ಅನುಗುಣವಾಗಿ ಕನ್ನಡದಲ್ಲಿ ಬರೆದಿದ್ದೇವೆ. ಯಂತ್ರದಲ್ಲಿ ಟಂಕಿಸುವಾಗ ರೋಮನ್ ಅಕ್ಷರಗಳನ್ನೇ ಬಳಸಬೇಕು.

ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ತಂತ್ರಾಂಶವನ್ನು ಸಾಮಾನ್ಯ ಗಣಕಯಂತ್ರದಲ್ಲಿ ಅಳವಡಿಸಿಕೊಂಡು, ಅದರ ಮೂಲಕ ಕಾರ್ಡಿಗೆ ರಾಸ್ಪ್‌ಬೆರಿ ಪೈ ಓ.ಎಸ್. ಬರೆಯಬೇಕು. ಡೆಬಿಯನ್ ಲಿನಕ್ಸ್ ಆಧರಿಸಿದ ಈ ಕಾರ್ಯಾಚರಣ ವ್ಯವಸ್ಥೆಗೆ 2020ರವರೆಗೆ ರಾಸ್ಪ್‌ಬಿಯನ್ ಎಂಬ ಹೆಸರಿತ್ತು. ಇದರಲ್ಲಿ ಲೈಟ್ ಎಂಬ ರೂಪವನ್ನು ಆಯ್ದುಕೊಳ್ಳಬೇಕು. ಅದರಲ್ಲಿ ಕಿಟಕಿ, ಚಿತ್ರ, ಬಣ್ಣಗಳಿಲ್ಲ. ಸರ್ವರಿಗೆ ಅವು ಬೇಕೂ ಇಲ್ಲ. ಬರೆಯುವ ಮುನ್ನವೇ ಇಮೇಜರ್ ಯಂತ್ರದ ಹೆಸರು, ಬಳಕೆದಾರರ ಹೆಸರು, ಗುಪ್ತಪದ, ಕಾಲವಲಯ ಇವನ್ನು ಕೇಳುತ್ತದೆ. ಎಸ್.ಎಸ್.ಎಚ್. ಎಂಬ ದೂರನಿಯಂತ್ರಣದ ಸೌಲಭ್ಯವನ್ನು ಅಲ್ಲಿಯೇ ಚಾಲನೆಗೊಳಿಸಬೇಕು. ಮೊದಲೆಲ್ಲ ಎಲ್ಲ ಯಂತ್ರಗಳಿಗೂ ಪೈ ಎಂಬ ಒಂದೇ ಬಳಕೆದಾರನ ಹೆಸರಿರುತ್ತಿತ್ತು, ಕಳ್ಳರಿಗೆ ಅರ್ಧ ಕೆಲಸ ಉಳಿಯುತ್ತಿತ್ತು. 2022ರಿಂದ ಆ ಪದ್ಧತಿಯನ್ನು ಕೈಬಿಡಲಾಗಿದೆ. ತಾವೂ ಆ ಹೆಸರನ್ನು ಇಡಬೇಡಿ.

ಕಾರ್ಡನ್ನು ಹಲಗೆಗೆ ಸಿಕ್ಕಿಸಿ, ರೌಟರಿನಿಂದ ತಂತಿ ಎಳೆದು, ವಿದ್ಯುತ್ ಕೊಟ್ಟರೆ ಎರಡು ನಿಮಿಷಗಳಲ್ಲಿ ಯಂತ್ರ ಸಿದ್ಧ. ಮಾನಿಟರ್, ಕೀಲಿಮಣೆ ಬೇಕಿಲ್ಲ. ರೌಟರಿನ ಪುಟದಲ್ಲಿ ಈ ಯಂತ್ರಕ್ಕೆ ದೊರೆತ ವಿಳಾಸ ಕಾಣುತ್ತದೆ, 192.168 ಎಂದು ಆರಂಭವಾಗುವ ಅಂಕಿಗಳ ಸಾಲು ಅದು. ಈ ವಿಳಾಸ ನಾಳೆ ಬದಲಾಗದಂತೆ ರೌಟರಿನಲ್ಲಿಯೇ ಕಾಯ್ದಿರಿಸಿಬಿಡಬೇಕು. ಬಳಿಕ ಇನ್ನೊಂದು ಗಣಕಯಂತ್ರದಿಂದ ಎಸ್.ಎಸ್.ಎಚ್. ಮೂಲಕ ಒಳಹೊಕ್ಕು, ಆಪ್ಟ್ ಅಪ್‌ಡೇಟ್ ಮತ್ತು ಆಪ್ಟ್ ಫುಲ್ ಅಪ್‌ಗ್ರೇಡ್ ಆಜ್ಞೆಗಳಿಂದ ಎಲ್ಲ ತಂತ್ರಾಂಶಗಳನ್ನೂ ಹೊಸದಾಗಿಸಿಕೊಳ್ಳಬೇಕು. ಎರಡಕ್ಕೂ ಮುಂದೆ ಸುಡೊ ಎಂಬ ಪದ ಸೇರಿಸಬೇಕು. ಯಜಮಾನನ ಅಧಿಕಾರದಿಂದ ಹೇಳುತ್ತಿದ್ದೇವೆ ಎಂದು ಅದರ ಅರ್ಥ.

ಪುಟಗಳನ್ನು ಬಡಿಸುವ ತಂತ್ರಾಂಶಗಳಲ್ಲಿ 1995ರಿಂದ ಬಳಕೆಯಲ್ಲಿರುವ ಅಪಾಚೆ, ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್ ಎಕ್ಸ್ ಎರಡೂ ಉಚಿತ, ಎರಡೂ ಸಮರ್ಥ. ಕಡಿಮೆ ಸ್ಮೃತಿಯಲ್ಲಿ ಹೆಚ್ಚು ಜನರನ್ನು ಸಂಭಾಳಿಸುವ ಎರಡನೆಯದು ನಮ್ಮ ಆಯ್ಕೆ. ಆಪ್ಟ್ ಇನ್‌ಸ್ಟಾಲ್ ಎಂದು ಬರೆದು ಅದರ ಹೆಸರು ಕೊಟ್ಟರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ವಾರ್ ಎಂಬ ಕೋಶದೊಳಗಿನ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಕೋಶ, ಅದರೊಳಗಿನ ಎಚ್.ಟಿ.ಎಂ.ಎಲ್. ಕೋಶ, ಅಲ್ಲಿ ಇಟ್ಟದ್ದೆಲ್ಲ ಜಾಲತಾಣ. ಮನೆಯ ಮೊಬೈಲಿನಲ್ಲಿ ಬ್ರೌಸರ್ ತೆರೆದು ಯಂತ್ರದ ವಿಳಾಸ ಟಂಕಿಸಿದರೆ ಸ್ವಾಗತದ ಪುಟ ಕಾಣುತ್ತದೆ. ಸದ್ಯಕ್ಕೆ ಅದು ಮನೆಯೊಳಗಿನವರಿಗೆ ಮಾತ್ರ.

ಇಲ್ಲಿ ಕನ್ನಡದ ಪ್ರಶ್ನೆ ಬರುತ್ತದೆ. ಹಿಂದಿನ ಕನ್ನಡ ತಾಣಗಳ ನೆತ್ತಿಯ ಮೇಲೆ, ಅಕ್ಷರಗಳು ಕಾಣದಿದ್ದರೆ ಈ ಫಾಂಟನ್ನು ಇಳಿಸಿಕೊಳ್ಳಿ ಎಂಬ ಸೂಚನೆ ಇರುತ್ತಿದ್ದುದು ಓದುಗರಿಗೆ ನೆನಪಿರಬಹುದು. ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟಂಕಿಸಿದ ಬರಹವು ಯಂತ್ರದ ಮಟ್ಟಿಗೆ ಇಂಗ್ಲಿಷ್ ಅಕ್ಷರಗಳ ಗೊಂದಲವಷ್ಟೇ. ಫಾಂಟು ಹೋದರೆ ಅರ್ಥವೂ ಹೋಯಿತು, ಹುಡುಕಿದರೂ ಸಿಗದು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಸಂಖ್ಯೆಯಿದೆ. ಆದ್ದರಿಂದ ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದಿಯೇ ಏರಿಸಬೇಕು. ಪುಟದ ತಲೆಭಾಗದಲ್ಲಿ ಅಕ್ಷರಸಂಕೇತ ಯು.ಟಿ.ಎಫ್. 8 ಎಂದು ಘೋಷಿಸುವುದನ್ನು ಮರೆಯಬಾರದು. ಕಡತಗಳ ಹೆಸರುಗಳನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದಂತೆ ಇಡುವುದು ಜಾಣತನ. ಪ್ರಸಂಗವಶಾತ್ ಒಂದು ಮಾತು: ಇಂದು ಕನ್ನಡಿಗರು ಬಳಸುವ ಧ್ವನ್ಯನುಸಾರಿ ಕೀಲಿಮಣೆ ವಿನ್ಯಾಸದ ಕರ್ತೃ ಕೆ.ಪಿ. ರಾವ್ ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. ಗಣಕ ಕನ್ನಡದ ಕಥೆಯಲ್ಲಿ ಈ ನಗರಕ್ಕೂ ಪಾಲಿದೆ.

ಹೊಸ್ತಿಲು ದಾಟುವುದು

ನಿಜವಾದ ಕಷ್ಟ ಈಗ ಆರಂಭ. ಮನೆಯೊಳಗೆ ಕಾಣುವ ಪುಟವನ್ನು ಊರಿನ ಬಂಧುಗಳಿಗೂ ದುಬಾಯಿಯಲ್ಲಿರುವ ಮಗನಿಗೂ ಕಾಣಿಸುವುದು ಹೇಗೆ?

ಇದನ್ನು ಚಾಳಿನ ಉದಾಹರಣೆಯಿಂದಲೇ ಹೇಳುತ್ತೇವೆ. ಚಾಳಿನ ಒಳಗೆ ಖೋಲಿ ನಂಬರು 12, 13 ಎಂದಿದ್ದರೂ ಆ ಅಂಕಿ ಮಾತ್ರ ಬರೆದ ಕಾಗದ ಅಂಚೆಯವನಿಗೆ ಪ್ರಯೋಜನವಿಲ್ಲ. ಕಟ್ಟಡದ ಹೆಸರು, ರಸ್ತೆಯ ಹೆಸರು ಬೇಕು. 192.168ರ ವಿಳಾಸ ಖೋಲಿಯ ನಂಬರಿನಂತೆ; ಪ್ರತಿ ಮನೆಯಲ್ಲೂ ಅದೇ ಇರುತ್ತದೆ. ಹೊರಜಗತ್ತು ಕಾಣುವುದು ರೌಟರಿಗೆ ದೊರೆತ ಸಾರ್ವಜನಿಕ ವಿಳಾಸವನ್ನು. ಹೊರಗಿನಿಂದ 80 ಮತ್ತು 443ನೇ ಬಾಗಿಲುಗಳಿಗೆ ಬಂದವರನ್ನು ಇಂಥ ಖೋಲಿಗೆ ಕಳುಹಿಸು ಎಂದು ರೌಟರಿಗೆ ಹೇಳಿಡುವುದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಮೊದಲನೆಯದು ಸಾಮಾನ್ಯ ಪುಟಗಳಿಗೆ, ಎರಡನೆಯದು ಸುರಕ್ಷಿತ ಪುಟಗಳಿಗೆ ಮೀಸಲಾದ ಬಾಗಿಲು.

ಆದರೆ ರೌಟರಿಗೇ ಸಾರ್ವಜನಿಕ ವಿಳಾಸ ಇಲ್ಲದಿದ್ದರೆ? ಇಂದಿನ ಭಾರತದಲ್ಲಿ ಬಹಳ ಮನೆಗಳ ಸ್ಥಿತಿ ಇದೇ. ಹಳೆಯ ಪದ್ಧತಿಯ, ಅಂದರೆ ನಾಲ್ಕನೆಯ ಆವೃತ್ತಿಯ ಅಂತರ್ಜಾಲ ವಿಳಾಸಗಳು ಒಟ್ಟು ಇರುವುದೇ ಸುಮಾರು 429 ಕೋಟಿ. ಏಷ್ಯಾ ಪೆಸಿಫಿಕ್ ವಲಯಕ್ಕೆ ಅವನ್ನು ಹಂಚುವ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್ ಹೊತ್ತಿಗೇ ತಳ ಕಂಡಿತ್ತು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಂಸ್ಥೆ ಮುಂಬಯಿ ಸೇರಿದಂತೆ ಕೆಲವೇ ನಗರಗಳಲ್ಲಿ ಅಂತರ್ಜಾಲ ಸೇವೆ ಆರಂಭಿಸಿದಾಗ ಈ ಕೊರತೆಯನ್ನು ಊಹಿಸಿದವರು ವಿರಳ. ಹೀಗಾಗಿ ಸೇವೆ ಒದಗಿಸುವವರು ನೂರಾರು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುತ್ತಾರೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಲಾರರು. ಇಡೀ ಗಲ್ಲಿಗೆ ಒಬ್ಬನೇ ಪಹರೆಯವನು, ಅವನಿಗೆ ಯಾರ ಖೋಲಿಯೂ ಗೊತ್ತಿಲ್ಲ ಎಂದಂತೆ.

ತಮ್ಮ ಮನೆಯ ಸ್ಥಿತಿ ತಿಳಿಯುವುದು ಸುಲಭ. ರೌಟರಿನ ಪುಟದಲ್ಲಿ ಹೊರಸಂಪರ್ಕದ ವಿಳಾಸ ಯಾವುದೆಂದು ನೋಡಿ. ನನ್ನ ವಿಳಾಸ ಯಾವುದು ಎಂದು ತಿಳಿಸುವ ಜಾಲತಾಣಗಳು ಹೇಳುವ ಅಂಕಿಯೊಂದಿಗೆ ಹೋಲಿಸಿ. ಎರಡೂ ಒಂದೇ ಆದರೆ ಚಿಂತೆಯಿಲ್ಲ. ಬೇರೆಯಾದರೆ, ಅದರಲ್ಲೂ ರೌಟರಿನ ಅಂಕಿ 100.64ರಿಂದ 100.127ರ ನಡುವೆ ಆರಂಭವಾದರೆ, ತಾವು ಹಂಚಿಕೆಯ ವಿಳಾಸದ ಹಿಂದಿದ್ದೀರಿ.

ಆಗ ಮೂರು ದಾರಿಗಳಿವೆ. ಸೇವೆ ಒದಗಿಸುವವರನ್ನು ಕೇಳಿ ಸ್ಥಿರ ಸಾರ್ವಜನಿಕ ವಿಳಾಸವನ್ನು ಪಡೆಯುವುದು ನೇರವಾದ ದಾರಿ. ಇದಕ್ಕೆ ಸಾಮಾನ್ಯವಾಗಿ ವರ್ಷಕ್ಕಿಷ್ಟೆಂದು ಪ್ರತ್ಯೇಕ ಶುಲ್ಕ ತೆರಬೇಕು. ನಾವು ವಿಚಾರಿಸಿದ ಒಂದು ಕಡೆ, ದೂರವಾಣಿ ಎತ್ತಿಕೊಂಡವರಿಗೆ ಪ್ರಶ್ನೆಯೇ ಅರ್ಥವಾಗದೆ ನಾಲ್ಕು ದಿನ ಅಲೆಸಿದರು. ಕೊನೆಗೆ ತಂತಿ ಎಳೆಯಲು ಬರುವ ಹುಡುಗನೇ ಐದು ನಿಮಿಷದಲ್ಲಿ ಯಾರನ್ನು ಕೇಳಬೇಕೆಂದು ತಿಳಿಸಿದ. ಗಲ್ಲಿಯ ಕೇಬಲ್‌ವಾಲಾನ ಜ್ಞಾನವನ್ನು ಕಡೆಗಣಿಸಬಾರದು. ಇದೇ ಸಂದರ್ಭದಲ್ಲಿ, ಮನೆಯ ಸಂಪರ್ಕದಲ್ಲಿ ಸರ್ವರ್ ನಡೆಸಲು ಅವರ ಕರಾರಿನಲ್ಲಿ ಅನುಮತಿಯಿದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ಎರಡನೆಯದು ಆರನೆಯ ಆವೃತ್ತಿಯ ವಿಳಾಸ. ಇದರಲ್ಲಿ ಕೊರತೆಯೆಂಬುದಿಲ್ಲ, ಮನೆಯ ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಸಿಗುತ್ತದೆ. ಭಾರತದಲ್ಲಿ ಇದರ ಬಳಕೆ ಜಗತ್ತಿನ ಮುಂಚೂಣಿಯಲ್ಲಿದೆ, ಮೊಬೈಲ್ ಜಾಲಗಳಲ್ಲಂತೂ ಸರ್ವೇಸಾಮಾನ್ಯ. ಆದರೆ ಇದಿಲ್ಲದ ಸಂಪರ್ಕದಿಂದ ಬರುವ ಓದುಗರಿಗೆ ತಾಣ ಕಾಣುವುದಿಲ್ಲವಾದ್ದರಿಂದ ಇದನ್ನೊಂದೇ ನೆಚ್ಚುವುದು ಕಷ್ಟ.

ಮೂರನೆಯದು ಸುರಂಗ. ಕ್ಲೌಡ್‌ಫ್ಲೇರ್‌ನಂಥ ಸಂಸ್ಥೆಗಳು ಒದಗಿಸುವ ಚಿಕ್ಕ ತಂತ್ರಾಂಶವೊಂದು ನಮ್ಮ ಯಂತ್ರದಿಂದ ಹೊರಮುಖವಾಗಿ ಅವರ ಯಂತ್ರಕ್ಕೆ ಸಂಪರ್ಕ ಹೂಡುತ್ತದೆ. ಓದುಗರು ಅವರ ಬಾಗಿಲಿಗೆ ಬಂದು, ಅದೇ ಸಂಪರ್ಕದ ಮೂಲಕ ನಮ್ಮ ಪುಟವನ್ನು ಪಡೆಯುತ್ತಾರೆ. ರೌಟರಿನಲ್ಲಿ ಯಾವ ಬಾಗಿಲನ್ನೂ ತೆರೆಯಬೇಕಿಲ್ಲ, ಮನೆಯ ವಿಳಾಸವೂ ಬಯಲಾಗದು. ಹಂಚಿಕೆಯ ವಿಳಾಸದವರಿಗೆ ಇದೇ ಸುಲಭೋಪಾಯ. ಆದರೆ ನಡುವೆ ಕುಳಿತವರು ಎಲ್ಲ ಪತ್ರಗಳನ್ನೂ ತೆರೆದು ಮತ್ತೆ ಅಂಟಿಸಿ ಕೊಡುತ್ತಾರೆ ಎಂಬುದು ತಿಳಿದಿರಲಿ. ಎಲ್ಲರೂ ಓದಲೆಂದೇ ಇಟ್ಟ ಸ್ಮರಣ ಸಂಚಿಕೆಗೆ ಇದರಿಂದ ಬಾಧಕವಿಲ್ಲ, ಖಾಸಗಿ ಸಂಗತಿಗಳಿಗೆ ಇದು ತಕ್ಕ ದಾರಿಯಲ್ಲ. ಯಾರನ್ನೂ ಅವಲಂಬಿಸಬಾರದೆಂದು ಹೊರಟವರು ಮತ್ತೊಬ್ಬರ ಬಾಗಿಲಿಗೆ ಬಂದಂತಾಯಿತಲ್ಲ ಎಂದರೆ ಹೌದು. ಆದರೆ ಸರಕು ನಮ್ಮ ಮನೆಯಲ್ಲೇ ಇರುತ್ತದೆ. ಅವರು ಬಾಗಿಲು ಮುಚ್ಚಿದ ದಿನ ಬೇರೆ ಬಾಗಿಲು ಹುಡುಕಿದರಾಯಿತು.

ಅಂಕಿಗಳನ್ನು ಯಾರೂ ನೆನಪಿಡುವುದಿಲ್ಲವಾದ್ದರಿಂದ ಹೆಸರೊಂದು ಬೇಕು. ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರನ್ನು ನೋಂದಣಿ ಸಂಸ್ಥೆಗಳಿಂದ ವರ್ಷದ ಶುಲ್ಕಕ್ಕೆ ಪಡೆಯಬಹುದು. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಹೆಸರುಗಳೂ ಇವೆ. ಹೆಸರನ್ನು ವ್ಯಕ್ತಿಯ ಮಿಂಚಂಚೆಗೆ ಬದಲಾಗಿ ಸಂಘದ ಮಿಂಚಂಚೆಗೆ ನೋಂದಾಯಿಸುವುದು ಒಳ್ಳೆಯದು. ನವೀಕರಣದ ಸೂಚನೆ ಯಾರೂ ನೋಡದ ಪೆಟ್ಟಿಗೆಗೆ ಹೋಗಿ ಬಿದ್ದು ಕೈತಪ್ಪಿದ ಹೆಸರುಗಳು ಎಷ್ಟೋ. ಸಾರ್ವಜನಿಕ ವಿಳಾಸ ಆಗಾಗ ಬದಲಾಗುವವರು, ಬದಲಾದಾಗಲೆಲ್ಲ ಹೆಸರಿನೊಂದಿಗೆ ಹೊಸ ಅಂಕಿಯನ್ನು ತಾನಾಗಿ ಜೋಡಿಸುವ ಡೈನಮಿಕ್ ಡಿ.ಎನ್.ಎಸ್. ಸೇವೆಯನ್ನು ಬಳಸಬೇಕು.

ಬ್ರೌಸರಿನಲ್ಲಿ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಾರದಿರಲು ಪ್ರಮಾಣಪತ್ರ ಅಗತ್ಯ. ಹಿಂದೆ ಇದಕ್ಕೆ ಸಾವಿರಗಟ್ಟಲೆ ತೆರಬೇಕಿತ್ತು. ಈಗ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭಾಪೇಕ್ಷೆಯಿಲ್ಲದ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಸರ್ಟ್‌ಬಾಟ್ ಎಂಬ ತಂತ್ರಾಂಶ ಅದನ್ನು ತಂದು ಅಳವಡಿಸಿ, ಅವಧಿ ಮುಗಿಯುವ ಮುನ್ನ ತಾನೇ ನವೀಕರಿಸುತ್ತದೆ. ಸುರಂಗದ ದಾರಿ ಹಿಡಿದವರಿಗೆ ಈ ಕೆಲಸವನ್ನು ನಡುವಿನ ಸಂಸ್ಥೆಯೇ ಮಾಡಿಕೊಡುತ್ತದೆ.

ವೇಗದ ಲೆಕ್ಕವನ್ನೂ ಮಾಡಿಕೊಳ್ಳಬೇಕು. ಇಲ್ಲಿ ಮುಖ್ಯವಾದುದು ಇಳಿಸುವ ವೇಗವಲ್ಲ, ಏರಿಸುವ ವೇಗ. ಅದು ಸೆಕೆಂಡಿಗೆ 10 ಮೆಗಾಬಿಟ್ ಆದರೆ 1.25 ಮೆಗಾಬೈಟ್ ಆಯಿತು. 40 ಮೆಗಾಬೈಟಿನ ಸ್ಮರಣ ಸಂಚಿಕೆಯ ಪಿ.ಡಿ.ಎಫ್. ಒಬ್ಬರಿಗೆ ತಲಪಲು 32 ಸೆಕೆಂಡು. ನಾಲ್ವರು ಒಟ್ಟಿಗೆ ಕೇಳಿದರೆ ಎರಡು ನಿಮಿಷ ದಾಟುತ್ತದೆ, ಅಷ್ಟು ಹೊತ್ತು ಮನೆಮಂದಿಯ ವಿಡಿಯೋ ಕರೆಗಳೂ ತೊದಲುತ್ತವೆ. ಆದ್ದರಿಂದ ಇಡೀ ಸಂಚಿಕೆಯನ್ನು ಒಂದೇ ಕಡತವಾಗಿ ಇಡದೆ, ಲೇಖನಕ್ಕೊಂದರಂತೆ ಬಿಡಿಸಿ, ಚಿತ್ರಗಳನ್ನು ಕುಗ್ಗಿಸಿ ಇಡಬೇಕು. ಪೂರ್ಣ ಗಾತ್ರದ ಮೂಲವನ್ನು ಬೇರೆಡೆ ಕಾಪಾಡಿಕೊಳ್ಳಬೇಕು.

ಕಳ್ಳರು, ಮಳೆ, ಕಾನೂನು

ತಾಣವನ್ನು ತೆರೆದ ಕೆಲವೇ ಗಂಟೆಗಳಲ್ಲಿ ದಾಖಲೆಯ ಕಡತ ನೋಡಿದರೆ ಅಪರಿಚಿತರು ಬಾಗಿಲು ತಟ್ಟಿದ ಗುರುತುಗಳು ಸಾಲುಗಟ್ಟಿರುತ್ತವೆ. ತಾವು ವರ್ಡ್‌ಪ್ರೆಸ್ ಇಟ್ಟಿಲ್ಲದಿದ್ದರೂ ಅದರ ಪ್ರವೇಶಪುಟವನ್ನು ಕೇಳಿರುತ್ತಾರೆ. ಇವರು ಮನುಷ್ಯರಲ್ಲ, ಅಂತರ್ಜಾಲದ ಎಲ್ಲ ವಿಳಾಸಗಳನ್ನೂ ಸರದಿಯಂತೆ ತಟ್ಟುತ್ತ ಹೋಗುವ ಯಂತ್ರಗಳು. ಭಯಪಡಬೇಕಿಲ್ಲ, ಬೀಗ ಮಾತ್ರ ಭದ್ರವಾಗಿರಲಿ. ಎಸ್.ಎಸ್.ಎಚ್. ಬಳಸುವ 22ನೇ ಬಾಗಿಲನ್ನು ಹೊರಜಗತ್ತಿಗೆ ಎಂದಿಗೂ ತೆರೆಯಬಾರದು. ಗುಪ್ತಪದದ ಬದಲು ಕೀಲಿಕಡತದಿಂದ ಮಾತ್ರ ಪ್ರವೇಶವಿರುವಂತೆ ಮಾಡಬೇಕು. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬುದನ್ನು ಅಳವಡಿಸಿದರೆ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಬರುತ್ತವೆ; ಇಟ್ಟು ಮರೆತ ಯಂತ್ರಗಳೇ ಕಳ್ಳರ ಪಾಲಾಗುವುದು. ವರ್ಡ್‌ಪ್ರೆಸ್‌ನಂಥ ದೊಡ್ಡ ವ್ಯವಸ್ಥೆ ಬೇಕೇಬೇಕೆನ್ನುವವರು ಅದನ್ನು ವಾರವಾರ ನೋಡಿಕೊಳ್ಳುವವರು ಯಾರೆಂದು ಮೊದಲು ನಿರ್ಧರಿಸಲಿ. ಹೆಚ್ಚಿನ ಸಂಘಗಳಿಗೆ ಸರಳ ಪುಟಗಳೇ ಸಾಕೆಂಬುದು ನಮ್ಮ ಅಭಿಪ್ರಾಯ.

ಮುಂಬಯಿಯ ದ್ವೀಪ ಭಾಗದಲ್ಲಿ ಬೆಸ್ಟ್ ವಿದ್ಯುತ್ ಕೈಕೊಡುವುದು ಅಪರೂಪ. ಆದರೂ 2020ರ ಅಕ್ಟೋಬರ್ 12ರ ಬೆಳಗ್ಗೆ ಜಾಲದ ವೈಫಲ್ಯದಿಂದ ಇಡೀ ನಗರವೇ, ಲೋಕಲ್ ರೈಲುಗಳ ಸಹಿತ, ನಿಂತುಹೋದುದನ್ನು ಮರೆಯುವಂತಿಲ್ಲ. ರೌಟರಿಗೆಂದು ಮಾರುವ ಚಿಕ್ಕ ಯು.ಪಿ.ಎಸ್.ಗಳು 12 ವೋಲ್ಟಿನವು. ಅವನ್ನು ನೇರವಾಗಿ ಈ ಹಲಗೆಗೆ ಸಿಕ್ಕಿಸಿದರೆ ಯಂತ್ರ ಸುಟ್ಟುಹೋದೀತು. 5 ವೋಲ್ಟ್, 3 ಆಂಪಿಯರಿನ ಪ್ರತ್ಯೇಕ ಹೊರದಾರಿಯಿರುವುದನ್ನು ಆರಿಸಬೇಕು. ಮಳೆಗಾಲದ ತೇವ ಮತ್ತು ಕಡಲಗಾಳಿಯ ಉಪ್ಪು ಲೋಹದ ಸಂದುಗಳಿಗೆ ಶತ್ರು; ಯಂತ್ರವನ್ನು ಕಿಟಕಿಯ ಬಳಿಯಾಗಲೀ ನೆಲದ ಮೇಲಾಗಲೀ ಇಡದೆ, ಗಾಳಿಯಾಡುವ ಎತ್ತರದ ಕಪಾಟಿನಲ್ಲಿ ಇಡಬೇಕು. 2005ರ ಜುಲೈ 26ನ್ನು ಕಂಡವರಿಗೆ ನೆಲಮಾಳಿಗೆಯ ಮನೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಿಪ್ಪಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಹೊದಿಕೆಯಿದ್ದರೆ ಮೇ ತಿಂಗಳಲ್ಲೂ ಅಷ್ಟಕ್ಕೆ ಹೋಗದು.

ಏನನ್ನು ಏರಿಸಬಾರದು ಎಂಬುದೂ ಅಷ್ಟೇ ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಸಂಘವೇ ಪ್ರಕಟಿಸಿದ ಸಂಚಿಕೆಯಾದರೂ ಅದರಲ್ಲಿ ಬರೆದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯುವುದು ಕಾನೂನಿಗೂ ಸೌಜನ್ಯಕ್ಕೂ ಸಲ್ಲುತ್ತದೆ. ಕೇಳಿದರೆ ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ, ಜತೆಗೆ ಇನ್ನೆರಡು ಹಳೆಯ ಚಿತ್ರಗಳನ್ನೂ ಕೊಡುತ್ತಾರೆ. ಸದಸ್ಯರ ವಿಳಾಸ, ದೂರವಾಣಿ ಸಂಖ್ಯೆ, ವಧೂವರರ ವಿವರಗಳಿರುವ ಪುಟಗಳನ್ನು ಮಾತ್ರ ಯಾವ ಕಾರಣಕ್ಕೂ ಇಡಕೂಡದು. 30 ವರ್ಷ ಹಿಂದೆ 500 ಪ್ರತಿಗಳಲ್ಲಿ ಅಚ್ಚಾದ ವಿವರ ಬೇರೆ, ಜಗತ್ತೆಲ್ಲ ಹುಡುಕಬಲ್ಲ ವಿವರ ಬೇರೆ.

ಕೊನೆಯದಾಗಿ ಪ್ರತಿ ತೆಗೆಯುವ ವಿಚಾರ. ಕಾರ್ಡು ಒಂದು ದಿನ ಸಾಯುತ್ತದೆ, ಇದರಲ್ಲಿ ಸಂಶಯವಿಲ್ಲ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿ ಎಂಬುದು ಅನುಭವಿಗಳ ನಿಯಮ. ಮುಂಬಯಿ ಕನ್ನಡಿಗರಿಗೆ ಬೇರೆ ಊರು ಹುಡುಕುವ ಕಷ್ಟವಿಲ್ಲ. ಉಡುಪಿಯಲ್ಲೋ ಕಾಸರಗೋಡಿನಲ್ಲೋ ವಿಜಯಪುರದಲ್ಲೋ ಹಿರಿಯರ ಮನೆಯಿದ್ದು ಅಲ್ಲಿ ಅಂತರ್ಜಾಲವಿದ್ದರೆ, ಇಂಥದೇ ಇನ್ನೊಂದು ಹಲಗೆಯನ್ನಿಟ್ಟು ಆರ್‌ಸಿಂಕ್ ಎಂಬ ತಂತ್ರಾಂಶದಿಂದ ಪ್ರತಿರಾತ್ರಿ ಬದಲಾದ ಕಡತಗಳನ್ನಷ್ಟೇ ಕಳುಹಿಸಬಹುದು. ಇಲ್ಲವಾದರೆ ಗಣೇಶ ಚತುರ್ಥಿಗೆ ಊರಿಗೆ ಹೋಗುವಾಗ ಹಾರ್ಡ್ ಡಿಸ್ಕೊಂದನ್ನು ಕೊಂಡೊಯ್ದರೂ ಆಯಿತು. ಹಕ್ಕಿನ ತೊಡಕಿಲ್ಲದ ಸಂಚಿಕೆಗಳ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ಗೂ ಏರಿಸಿಡುವುದನ್ನು ನಾವು ಒತ್ತಿ ಹೇಳುತ್ತೇವೆ. ಸ್ಕ್ಯಾನ್ ಮುಗಿಯಿತೆಂದು ಮೂಲ ಕಾಗದವನ್ನು ಎಸೆಯಬೇಡಿ. ಹತ್ತು ವರ್ಷಗಳ ಬಳಿಕ ಇನ್ನೂ ಸ್ಪಷ್ಟವಾದ ಸ್ಕ್ಯಾನರ್ ಬಂದೀತು.

ಇನ್ನು ಸರ್ನ್‌ನ ಆ ಚೀಟಿ. ಯಂತ್ರದ ಸ್ವಿಚ್ಚಿನ ಪಕ್ಕದಲ್ಲಿ, ಇದನ್ನು ಆರಿಸಬೇಡಿ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಹಿಂದಿಯಲ್ಲೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಮನೆಗೆಲಸಕ್ಕೆ ಬರುವವರಿಗೆ ಬಾಯಿಮಾತಿನಲ್ಲಿಯೂ ತಿಳಿಸಿಡಿ. ಮಿಕ್ಸರ್ ಹಾಕಲು ಹತ್ತಿರದ ಪ್ಲಗ್ ಅದೊಂದೇ ಆಗಿದ್ದರೆ ಅಡುಗೆಮನೆಗೆ ಬೇರೆ ಎಕ್ಸ್‌ಟೆನ್ಷನ್ ಬೋರ್ಡು ಕೊಡಿಸಿ.